ಬೆಲ್ಲ ಮಾರೋರಿಗೆ ವೆಬ್‌ಸೈಟ್ ಮಾಡೋದನ್ನ ಕನ್ನಡದಲ್ಲಿ ಹೇಳ್ಕೊಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ನಮ್ಮ ಮಂಡ್ಯದ ಕಡೆ ಆಲೆಮನೆ ಇಟ್ಕೊಂಡಿರೋ ಎಷ್ಟೋ ಜನ ಈಗ ಮಂಡಿಗೆ ಹಾಕೋದು ಬಿಟ್ಟು ಅಥವಾ ಅದರ ಜೊತೆಗೇ ನೇರವಾಗಿ ಗಿರಾಕಿಗೆ ಬೆಲ್ಲ ಮಾರೋಕೆ ನೋಡ್ತಿದ್ದಾರೆ. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೇಲೂ ಮಂಡ್ಯಕ್ಕೆ ಬೆಲ್ಲನೇ ಆರಿಸಿದ್ದಾರೆ. ಸಾಲ, ಸಬ್ಸಿಡಿ, ಮೆಷಿನ್ ಬಗ್ಗೆ ಹೇಳೋಕೆ ಜನ ಇದ್ದಾರೆ. ಆದ್ರೆ ಆ ಬೆಲ್ಲಕ್ಕೆ ಒಂದು ವೆಬ್‌ಸೈಟ್ ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು, ಏನು ಬರೀಬೇಕು, ಏನು ಬಿಡ್ಬೇಕು ಅಂತ ಕನ್ನಡದಲ್ಲಿ ಕೂರಿಸ್ಕೊಂಡು ಹೇಳೋರು ನಮ್ಮೂರ ಕಡೆ ನನಗಂತೂ ಸಿಗ್ಲಿಲ್ಲ. ನನ್ನ ಸ್ನೇಹಿತನ ಆಲೆಮನೆಗೆ ಸೈಟ್ ಮಾಡ್ಕೊಡೋಕೆ ಅಂತ ನಾನೇ ಇದನ್ನ ಕಲಿತೆ, ಕಲೀತಾ ಕಲೀತಾ ಗೊತ್ತಾದ ಕೆಲವು ವಿಷಯ ಬೇರೆಯವರಿಗೂ ಆಗ್ಲಿ ಅಂತ ಬರೀತಿದ್ದೀನಿ, ಕೊನೇಲಿ ಒಂದು ಮನವಿನೂ ಇದೆ.

ಯೂಟ್ಯೂಬ್ ನೋಡಿದ್ರೆ ಎಲ್ಲಾ ವೀಡಿಯೋನೂ ಟೆಂಪ್ಲೇಟ್, ಅಂದ್ರೆ ಮೊದ್ಲೇ ಸಿದ್ಧ ಮಾಡಿಟ್ಟಿರೋ ಪೇಜಿನ ಮಾದರಿ, ಆರಿಸೋದ್ರಿಂದ್ಲೇ ಶುರುವಾಗುತ್ತೆ. ಅದು ನನಗೆ ಸರಿ ಅನ್ಸಲ್ಲ. ಟೆಂಪ್ಲೇಟ್ ಮೊದಲು ಬಂದ್ರೆ ಅದರಲ್ಲಿರೋ ಖಾಲಿ ಡಬ್ಬಿ ತುಂಬ್ಸೋಕೆ ನಾವು ಮಾತು ಹುಡುಕ್ತೀವಿ, 'ನಮ್ಮ ಧ್ಯೇಯ', 'ನಮ್ಮ ದೃಷ್ಟಿಕೋನ' ಅಂತ ಯಾರೂ ಓದದೇ ಇರೋದೆಲ್ಲ ಹುಟ್ಕೊಳ್ಳುತ್ತೆ. ನಾವು ಮಾಡಿದ್ದು ಏನಪ್ಪಾ ಅಂದ್ರೆ ನನ್ನ ಸ್ನೇಹಿತನ ವಾಟ್ಸಾಪ್ ತೆಗೆದು ಗಿರಾಕಿಗಳು ಕೇಳಿರೋ ಪ್ರಶ್ನೆ ಎಲ್ಲಾ ಒಂದೊಂದೇ ಚೀಟೀಲಿ ಬರೆದ್ವಿ. ಕೆಮಿಕಲ್ ಹಾಕ್ತೀರಾ, ಬೆಲ್ಲ ಯಾಕೆ ಕಪ್ಪಗಿದೆ, ಕೆಜಿ ಎಷ್ಟು, ಬೆಂಗಳೂರಿಗೆ ಕಳಿಸ್ತೀರಾ, ಕಮ್ಮಿ ಅಂದ್ರೆ ಎಷ್ಟು ತಗೋಬೇಕು, ಮಳೆಗಾಲದಲ್ಲಿ ನೀರು ಬಿಡುತ್ತಲ್ಲ ಏನ್ಮಾಡೋದು, ಸಂಕ್ರಾಂತಿಗೆ ಸಣ್ಣ ಅಚ್ಚು ಸಿಗುತ್ತಾ, ಜೋನಿ ಬೆಲ್ಲ ಇದೆಯಾ, ಆಲೆಮನೆ ನೋಡೋಕೆ ಮಕ್ಕಳನ್ನ ಕರ್ಕೊಂಡು ಬರಬಹುದಾ. ಚೀಟಿಗಳನ್ನ ನೆಲದ ಮೇಲೆ ಹರಡಿ ಒಂದೇ ಥರದ್ದನ್ನ ಒಟ್ಟಿಗೆ ಸೇರಿಸಿದಾಗ ಪೇಜುಗಳು ತಾವಾಗೇ ಕಾಣ್ಸಿದ್ವು: ಮುಖಪುಟ, ಯಾವ್ಯಾವ ಬೆಲ್ಲ ಇದೆ, ಹೇಗೆ ಮಾಡ್ತೀವಿ, ತರಿಸ್ಕೊಳ್ಳೋದು ಹೇಗೆ. ಅಷ್ಟೇ. ಡಿಸೈನ್ ಕಲಿಯೋರು ಇದನ್ನ ಕಾರ್ಡ್ ಸಾರ್ಟಿಂಗ್ ಅಂತಾರೆ, ಇದಕ್ಕೆ ಕಂಪ್ಯೂಟರೇ ಬೇಕಾಗಿಲ್ಲ.

ಆಮೇಲೆ ಎ4 ಹಾಳೆನ ಉದ್ದಕ್ಕೆ ಮಡಚಿ ಫೋನಿನ ಆಕಾರ ಮಾಡ್ಕೊಂಡು ಅದರ ಮೇಲೆ ಪೆನ್ಸಿಲ್‌ನಲ್ಲಿ ಪೇಜ್ ಬರೆದ್ವಿ. ಬೆಲ್ಲ ತಗೊಳ್ಳೋರು ಹೆಚ್ಚಾಗಿ ಫೋನಲ್ಲೇ ನೋಡೋದು, ಅದಕ್ಕೆ ಅಗಲದ ಸ್ಕ್ರೀನಿನ ಯೋಚನೆ ಆಮೇಲೆ. ಮೇಲ್ಗಡೆ ಏನು ಬರ್ಬೇಕು ಅನ್ನೋದಕ್ಕೇ ಜಗಳ. ನಾನು ಕಬ್ಬಿನ ಗದ್ದೆಯ ದೊಡ್ಡ ಫೋಟೋ ಇರ್ಲಿ ಅಂದೆ, ಸ್ನೇಹಿತನ ಅಮ್ಮ ಬಂದು ನೋಡಿ, 'ಗದ್ದೆ ಎಲ್ರೂ ನೋಡವ್ರೆ ಕಣಪ್ಪ, ಬೆಲ್ಲ ಮುರಿದಿರೋದನ್ನ ತೋರ್ಸಿ, ಒಳಗಡೆ ಹೆಂಗದೆ ಅಂತ ಗೊತ್ತಾಗ್ಲಿ' ಅಂದ್ರು. ಬೆಲ್ಲ ಗೊತ್ತಿರೋರು ಮುರಿದು ನೋಡ್ದೆ ತಗೊಳ್ಳಲ್ಲ, ಹಾಗಾಗಿ ಅದೇ ಫೋಟೋ ಮೇಲೆ ಬಂತು, ಕೆಳಗೆ ಬೆಲೆ, ಅದರ ಕೆಳಗೆ ವಾಟ್ಸಾಪ್ ಬಟನ್.

ಈ ಫೋಟೋ ವಿಷ್ಯ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ಈಗಿನ ಫೋನುಗಳು ತಾವೇ ಬಣ್ಣ ತಿದ್ದಿ ಕಂದು ಬೆಲ್ಲನ ಚಿನ್ನದ ಬಣ್ಣಕ್ಕೆ ತಂದ್ಬಿಡ್ತವೆ. ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕಿ ಬಣ್ಣ ಬಿಳಿಚಿಸಿರೋ ಬೆಲ್ಲ ನೋಡಿ ನೋಡಿ ಜನಕ್ಕೆ ಹಳದಿ ಇದ್ರೇನೇ ಒಳ್ಳೇದು ಅನ್ನೋ ಭಾವನೆ ಕೂತಿದೆ, ಫೋಟೋದಲ್ಲೂ ಹಾಗೇ ತೋರಿಸಿದ್ರೆ ಪಾರ್ಸೆಲ್ ಬಿಚ್ಚಿದಾಗ ಗಿರಾಕಿಗೆ ಮೋಸ ಅನ್ಸುತ್ತೆ. ಅದಕ್ಕೆ ಫಿಲ್ಟರ್ ಇಲ್ದೆ, ಹಗಲು ಬೆಳಕಲ್ಲಿ, ಪಕ್ಕದಲ್ಲಿ ಒಂದು ಬಿಳಿ ತಟ್ಟೆ ಇಟ್ಟು ತೆಗೆದ್ವಿ, ಬಿಳಿ ಬಿಳಿಯಾಗೇ ಕಂಡ್ರೆ ಬೆಲ್ಲದ ಬಣ್ಣನೂ ನಿಜ ಅಂತ ಅರ್ಥ. ಕಪ್ಪು ಯಾಕೆ ಅನ್ನೋದಕ್ಕೆ ಕೆಳಗೇ ಉತ್ತರ ಬರೆದ್ವಿ: ಕಬ್ಬಿನ ಹಾಲು ಕಾಯಿಸುವಾಗ ಸ್ವಲ್ಪ ಸುಣ್ಣ ಹಾಕ್ತೀವಿ, ಮಡ್ಡಿ ತೆಗೆಯೋಕೆ ಬೆಂಡೆ ಗಿಡದ ಲೋಳೆ ಹಾಕ್ತೀವಿ, ಬಣ್ಣಕ್ಕೆ ಅಂತ ಏನೂ ಹಾಕಲ್ಲ. ಇನ್ನೊಂದು, ಫೋನಿನ ಫೋಟೋ ಒಂದೊಂದೂ ನಾಲ್ಕೈದು ಎಂಬಿ ಇರುತ್ತೆ, ಹಾಗೇ ಹಾಕಿದ್ರೆ ಸಿಗ್ನಲ್ ಕಮ್ಮಿ ಇರೋ ಕಡೆ ಪೇಜ್ ತೆರ್ಕೊಳ್ಳೋದೇ ಇಲ್ಲ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ ಕಂಪ್ರೆಸ್ ಮಾಡಿದ್ರೆ 200 ಕೆಬಿ ಆಸುಪಾಸಿಗೆ ಬರುತ್ತೆ, ಫೋನ್ ಸ್ಕ್ರೀನ್ ಮೇಲೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ.

ಆರ್ಗ್ಯಾನಿಕ್ ಅಂತ ದೊಡ್ಡದಾಗಿ ಹಾಕೋಣ ಅಂತ ನಮ್ಮ ಇನ್ನೊಬ್ಬ ಸ್ನೇಹಿತ ಹೇಳ್ದ. ಸರ್ಕಾರದ ಆರ್ಗ್ಯಾನಿಕ್ ಲೋಗೋ ಹಾಕ್ಬೇಕಾದ್ರೆ ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ಅನ್ನೋ ಸಾವಯವ ಸರ್ಟಿಫಿಕೇಟ್ ಬೇಕು, ಅದು ಕೈಗೆ ಬರೋವರೆಗೂ ಆ ಪದನೇ ಬೇಡ ಅಂತ ತೀರ್ಮಾನ ಮಾಡಿದ್ವಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡೋ 14 ಅಂಕಿ ನಂಬರ್ ಮಾತ್ರ ಪ್ರತಿ ಪೇಜಿನ ಕೆಳಗೂ ಇದೆ. ಪ್ಯಾಕೆಟ್ ಮೇಲಿರೋದೂ ಸೈಟಲ್ಲಿರೋದೂ ಒಂದೇ ಅಂತ ಗಿರಾಕಿ ನೋಡ್ಕೊಬಹುದು.

ಕನ್ನಡದ ಅಕ್ಷರದ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಟೆಂಪ್ಲೇಟುಗಳೆಲ್ಲ ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿರೋದು. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳೀತವೆ, ರಾಷ್ಟ್ರ, ಸ್ತ್ರೀ ಅಂತ ಬರೆದ್ರೆ ಒತ್ತಿನ ಕೆಳಗೆ ಇನ್ನೊಂದು ಒತ್ತು, ಸಾಲಿನ ಅಂತರ ಸಾಲ್ದಿದ್ರೆ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ಹೋಗಿ ತಗುಲುತ್ತೆ. ಪೇಜಿನ ರೂಪ ತೀರ್ಮಾನಿಸೋ ಸಿಎಸ್‌ಎಸ್‌ನಲ್ಲಿ ಸಾಲಿನ ಅಂತರಕ್ಕೆ ಲೈನ್ ಹೈಟ್ ಅಂತ ಇದೆ, ಅದನ್ನ ನಾನು 1.7ಕ್ಕೆ ಇಟ್ಟ ಮೇಲೆ ಓದೋಕೆ ಹಿತವಾಯ್ತು. ತುಂಬಾ ದಪ್ಪ ಅಕ್ಷರ ಹಾಕಿದ್ರೆ ಒತ್ತುಗಳು ಕಲಸಿ ಹೋಗ್ತವೆ. ಎರಡೂ ಅಂಚು ಸಮ ಮಾಡೋ ಜಸ್ಟಿಫೈ ಅಂತೂ ಫೋನಲ್ಲಿ ಬೇಡ್ವೇ ಬೇಡ, ಕನ್ನಡ ಪದ ಉದ್ದ, ಮಧ್ಯ ಮಧ್ಯ ದೊಡ್ಡ ದೊಡ್ಡ ಖಾಲಿ ಬಿಡುತ್ತೆ. ಫಾಂಟ್‌ಗೆ ದುಡ್ಡು ಕೊಡೋ ಅಗತ್ಯ ಇಲ್ಲ, ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎಲ್ಲಾ ಉಚಿತ. ಬಣ್ಣ ಆರಿಸುವಾಗ ಅಕ್ಷರಕ್ಕೂ ಹಿನ್ನೆಲೆಗೂ ಕಮ್ಮಿ ಅಂದ್ರೆ 4.5ಕ್ಕೆ 1 ಕಾಂಟ್ರಾಸ್ಟ್, ಅಂದ್ರೆ ತಿಳಿ-ಗಾಢ ಬಣ್ಣದ ವ್ಯತ್ಯಾಸ, ಇರ್ಬೇಕು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿನೇ ಇದೆ, ಬಿಸಿಲಲ್ಲಿ ನಿಂತು ಫೋನ್ ನೋಡೋ ವಯಸ್ಸಾದೋರಿಗೆ ಅದು ಎಷ್ಟು ಅನುಕೂಲ ಅಂತ ಅವರ ಕೈಲೇ ಫೋನ್ ಕೊಟ್ಟು ನೋಡಿದ್ರೆ ಗೊತ್ತಾಗುತ್ತೆ.

ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫೈಲುಗಳಿದ್ರೆ ಹುಷಾರು. ಯೂನಿಕೋಡ್ (ಎಲ್ಲಾ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡೋ ಪದ್ಧತಿ) ಅಲ್ಲದ ಆ ಫಾಂಟುಗಳಲ್ಲಿ ಟೈಪ್ ಮಾಡಿದ್ದು ನೋಡೋಕೆ ಕನ್ನಡ, ಒಳಗಡೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಫೋನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತೆ, ಗೂಗಲ್‌ನಲ್ಲಿ ಬೆಲ್ಲ ಅಂತ ಹುಡುಕಿದ್ರೆ ಆ ಪೇಜ್ ಸಿಗೋದೂ ಇಲ್ಲ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು, ಇಷ್ಟು ವರ್ಷ ಆದ ಮೇಲೂ ನಮ್ಮಲ್ಲಿ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಹಳೇ ಫಾಂಟೇ ಓಡ್ತಿದೆ. ಕನ್ವರ್ಟರ್‌ಗಳು ಪುಕ್ಕಟೆ ಸಿಗ್ತವೆ, ಬದಲಾಯಿಸ್ಕೊಂಡು ಒಂದು ಸಲ ಪೂರ್ತಿ ಓದಿ ನೋಡ್ಬೇಕು, ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿರುತ್ತೆ.

ದುಡ್ಡಿನ ವಿಷ್ಯಕ್ಕೆ ಬರೋಣ. ನನ್ನ ಸ್ನೇಹಿತನಿಗೆ ಮೊದ್ಲು ಒಬ್ರು ಸೈಟ್ ಮಾಡ್ಕೊಟ್ಟಿದ್ರು, ಹೆಸರು ಬೇಡ. ಡೊಮೇನ್ ಅಂದ್ರೆ ಸೈಟಿನ ವಿಳಾಸ, ಅದನ್ನ ವರ್ಷ ವರ್ಷ ರಿನ್ಯೂ ಮಾಡಿಸ್ತಾ ಇರ್ಬೇಕು, ಅವರು ಅದನ್ನ ತಮ್ಮ ಹೆಸರಲ್ಲೇ ರಿಜಿಸ್ಟರ್ ಮಾಡಿದ್ರು. ಅವರು ಫೋನ್ ಎತ್ತೋದು ನಿಲ್ಲಿಸಿದ ದಿನ ವಿಳಾಸನೂ ಹೋಯ್ತು, ಪ್ಯಾಕೆಟ್ ಮೇಲೆ ಪ್ರಿಂಟ್ ಹಾಕಿಸಿದ್ದೂ ದಂಡ ಆಯ್ತು. ದಯವಿಟ್ಟು ಯಾರೇ ಮಾಡ್ಕೊಡ್ಲಿ, ಡೊಮೇನ್ ಮಾಲೀಕನ ಹೆಸರಲ್ಲಿ, ಅವನದೇ ಇಮೇಲ್‌ನಲ್ಲಿ, ಅವನದೇ ಫೋನ್ ನಂಬರಲ್ಲಿ ಇರ್ಲಿ. ಮೊದಲ ವರ್ಷ ತುಂಬಾ ಅಗ್ಗ ತೋರಿಸ್ತಾರೆ, ಎರಡನೇ ವರ್ಷದ ರಿನ್ಯೂವಲ್ ಎಷ್ಟು ಅಂತ ಕೇಳಿ ತಗೊಳ್ಳಿ. ಇಂಥ ನಾಲ್ಕು ಪೇಜಿನ ಸೈಟಿಗೆ ಹೋಸ್ಟಿಂಗ್‌ಗೆ, ಅಂದ್ರೆ ಸೈಟ್ ಇಡೋ ಜಾಗಕ್ಕೆ, ದುಡ್ಡೇ ಬೇಡ, ಕ್ಲೌಡ್‌ಫ್ಲೇರ್ ಪೇಜಸ್‌ನಂಥ ಕಡೆ ಪುಕ್ಕಟೆ ಇಡಬಹುದು, ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್ಸೂ ಅದರಲ್ಲೇ ಬರುತ್ತೆ.

ಕಾರ್ಟ್, ಆನ್‌ಲೈನ್ ಪೇಮೆಂಟ್ ಹಾಕ್ಲಿಲ್ಲ. ಸೈಟಲ್ಲೇ ದುಡ್ಡು ತಗೊಳ್ಳೋ ಪೇಮೆಂಟ್ ಗೇಟ್‌ವೇ ಹಾಕಿದ್ರೆ ರಿಫಂಡ್ ನಿಯಮ, ಸ್ಟಾಕ್ ಲೆಕ್ಕ ಎಲ್ಲಾ ದಿನಾ ನೋಡ್ಬೇಕು, ಗಾಣ ನಡೆಯೋ ದಿನಗಳಲ್ಲಿ ಬೆಳಗ್ಗಿಂದ ಕೊಪ್ಪರಿಗೆ ಮುಂದೆ ನಿಂತಿರೋ ಮನುಷ್ಯನಿಗೆ ಅದು ಆಗೋ ಕೆಲಸ ಅಲ್ಲ. ಬಟನ್ ಒತ್ತಿದ್ರೆ ವಾಟ್ಸಾಪ್ ತೆರೆದು 'ನನಗೆ ಅಚ್ಚು ಬೆಲ್ಲ ಇಷ್ಟು ಕೆಜಿ ಬೇಕು' ಅಂತ ಅರ್ಧ ಬರೆದ ಮೆಸೇಜ್ ಸಿದ್ಧ ಇರುತ್ತೆ, ಅಂಕಿ ತುಂಬ್ಸಿ ಕಳಿಸಿದ್ರೆ ಸಾಕು. ಬೆಲೆ ಪಕ್ಕದಲ್ಲಿ ಯಾವ ದಿನದ್ದು ಅಂತ ತಾರೀಖು ಇದೆ, ಅದನ್ನ ಬದಲಾಯಿಸೋದು ಪಿಯುಸಿ ಓದೋ ಅವನ ಮಗಳಿಗೆ ತೋರಿಸ್ಕೊಟ್ಟಿದ್ದೀನಿ, ಅವಳೇ ಮಾಡ್ತಾಳೆ. ಸೈಟ್ ಮಾಡಿದೋರು ಬಿಟ್ಟೋದ ಮೇಲೆ ಅದನ್ನ ಯಾರು ನೋಡ್ಕೊತಾರೆ ಅನ್ನೋದನ್ನ ಮೊದಲ ದಿನವೇ ಬರೆದಿಟ್ಕೊಂಡ್ರೆ ಏನೇನು ಹಾಕ್ಬಾರ್ದು ಅಂತ ಅರ್ಧ ತೀರ್ಮಾನ ಆಗೇ ಹೋಗುತ್ತೆ.

ಈಗ ನನ್ನ ಮನವಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಅಂದ್ರೆ ಗ್ರಂಥಾಲಯಗಳಲ್ಲಿ, ಕಂಪ್ಯೂಟರ್, ಇಂಟರ್‌ನೆಟ್ ಕೊಡ್ತಿದ್ದಾರೆ. ಅಲ್ಲಿ, ಇಲ್ಲಾಂದ್ರೆ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ, ಭಾನುವಾರ ಭಾನುವಾರ ಆದ್ರೂ ವೆಬ್‌ಸೈಟ್ ಯೋಜನೆ ಮಾಡೋದನ್ನ ಕನ್ನಡದಲ್ಲೇ ಹೇಳ್ಕೊಡ್ಬೇಕು. ಪೇಜ್ ಬರೆಯೋ ಭಾಷೆ ಎಚ್‌ಟಿಎಂಎಲ್ ಆಮೇಲೆ ಬರ್ಲಿ, ಮೊದ್ಲು ಚೀಟಿ, ಪೆನ್ಸಿಲ್, ಗಿರಾಕಿಯ ಪ್ರಶ್ನೆ, ಕನ್ನಡ ಟೈಪಿಂಗ್, ಡೊಮೇನ್ ಯಾರ ಹೆಸರಲ್ಲಿ ಇರ್ಬೇಕು ಅನ್ನೋದು. ನಂಜನಗೂಡು ರಸಬಾಳೆ ಬೆಳೆಯೋರಿಗೂ, ಮರದಲ್ಲಿ ಚಿತ್ರ ಕೂರಿಸೋ ಮೈಸೂರಿನ ಇನ್‌ಲೇ ಕೆಲಸದೋರಿಗೂ ಇದೇ ಬೇಕಾಗಿರೋದು. ಆಯಾ ಊರಿನ ಕಾಲೇಜು ಹುಡುಗ್ರಿಗೆ ಒಂದೊಂದು ಆಲೆಮನೆ, ಒಂದೊಂದು ಅಂಗಡಿ ಪ್ರಾಜೆಕ್ಟ್ ಆಗಿ ಕೊಟ್ರೆ ಅವರಿಗೂ ಮಾರ್ಕ್ಸ್, ಇವರಿಗೂ ಸೈಟ್. ತಮ್ಮ ಪತ್ರಿಕೆಯಲ್ಲೂ ವಾರಕ್ಕೊಂದು ಸಣ್ಣ ಅಂಕಣ ಇದಕ್ಕೆ ಕೊಟ್ರೆ ಉಪಕಾರ ಆಗುತ್ತೆ. ಮಂಡ್ಯ, ಮದ್ದೂರು ಕಡೆ ಯಾವ ಗ್ರಂಥಾಲಯದೋರು ಕರೆದ್ರೂ ನಾನು ಬಂದು ಹೇಳ್ಕೊಡೋಕೆ ತಯಾರಿದ್ದೀನಿ, ಫೀಸ್ ಏನೂ ಬೇಡ, ಒಂದು ಗೋಡೆ ಮತ್ತೆ ಚೀಟಿ ಅಂಟಿಸೋಕೆ ಅನುಮತಿ ಕೊಟ್ರೆ ಸಾಕು.

ಇಂತಿ,
ತಮ್ಮ ಓದುಗ, ಮಂಡ್ಯ