ನನ್ನ ಮೈಯನ್ನು ಕಾಪಾಡಿದವರಿಗೆ

ಕಳೆದ ವಾರ ಡಾಕ್ಟರ್ ಫೈಲ್ ಮುಚ್ಚಿ, "ಇನ್ನು ಆರು ತಿಂಗಳಿಗೊಮ್ಮೆ ಬಂದರೆ ಸಾಕಮ್ಮ" ಅಂದರು. ಎದೆಯ ಕ್ಯಾನ್ಸರ್, ಆಪರೇಷನ್, ಕೀಮೋ, ರೇಡಿಯೇಷನ್ ಕಥೆ ನಿಮಗೆಲ್ಲ ಗೊತ್ತಿರುವುದೇ. ಮತ್ತೆ ಹೇಳುವುದಿಲ್ಲ. ಥ್ಯಾಂಕ್ಸ್ ಹೇಳುವುದು ಮಾತ್ರ ಬಾಕಿ ಇದೆ.

ಗುರುವಾರ ತಪ್ಪದೆ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗಿ ನನ್ನ ಹೆಸರಲ್ಲಿ ಮೇಣದಬತ್ತಿ ಹಚ್ಚಿದ ಗೆಳತಿಯರು, ರಕ್ತ ಕೊಟ್ಟ ಆಫೀಸಿನ ಹುಡುಗರು, ಮಗನನ್ನು ಸ್ಕೂಲಿಂದ ಕರೆತಂದು ಊಟ ಹಾಕಿದ ಮಹಡಿ ಮನೆಯವರು, ಕೇಳುವ ಮೊದಲೇ ದುಡ್ಡು ಕಳಿಸಿದ ಅಣ್ಣ, ನಿಮಗೆಲ್ಲ ಕೈ ಮುಗಿಯುತ್ತೇನೆ.

ಶಿವಾಜಿನಗರದ ಟೈಲರ್ ಅಕ್ಕನಿಗೆ ಬೇರೆಯಾಗಿಯೇ ಹೇಳಬೇಕು. ಆಪರೇಷನ್ ಆದ ಮೇಲೆ ಒಂದು ರವಿಕೆಯೂ ಸರಿಯಾಗಿ ಕೂರುತ್ತಿರಲಿಲ್ಲ. ಅಳತೆ ಕೊಡಲು ನಿಂತಾಗ ನನ್ನ ಕೈ ನಡುಗುತ್ತಿತ್ತು. ಅವರು ಪರದೆ ಎಳೆದು ಟೇಪ್ ಹಿಡಿದರು. ಏನೂ ಕೇಳಲಿಲ್ಲ. ಎಡಗಡೆ ಒಳಗೊಂದು ಸಣ್ಣ ಜೇಬು ಹೊಲಿದು, ಅದರಲ್ಲಿ ಹತ್ತಿಯ ಮೆತ್ತೆ ಇಟ್ಟುಕೊಟ್ಟರು. ಬೇಕಾದಾಗ ತೆಗೆದು ಒಗೆಯಬಹುದು. ಸೆಪ್ಟೆಂಬರ್ 8ರ ಹಬ್ಬಕ್ಕೆ ಅದನ್ನೇ ತೊಟ್ಟು ಸಂತ ಮರಿಯಮ್ಮನವರ ಬೆಸಿಲಿಕಾಗೆ ಹೋದೆ. ಅಷ್ಟು ಜನರ ಮಧ್ಯೆ, ಸೀರೆ ಉಟ್ಟ ಮಾತೆಯ ಮುಂದೆ, ನೆಟ್ಟಗೆ ನಿಂತೆ.

ಇನ್ನು ಅತ್ತೆ.

ಅತ್ತೆ ಆನೇಕಲ್ ಕಡೆಯವರು. ಮಾವ ತೀರಿಕೊಂಡಾಗ ನನ್ನ ಗಂಡ ಇನ್ನೂ ಸ್ಕೂಲಿಗೂ ಸೇರಿರಲಿಲ್ಲ. ಗಂಡ ಸತ್ತವಳು ಮತ್ತೆ ಮದುವೆಯಾಗಲು ನಮ್ಮ ಕಥೋಲಿಕ ಧರ್ಮಸಭೆಯ ಅಡ್ಡಿಯಿಲ್ಲ. ಸಂಬಂಧಗಳೂ ಬಂದಿದ್ದವಂತೆ. ಅತ್ತೆ ಒಪ್ಪಲಿಲ್ಲ. ರಾಗಿ ಬೆಳೆದು ಮಗನನ್ನು ಓದಿಸಿದರು.

ಹೆಂಗಸರ ವಾರ್ಡಿನಲ್ಲಿ ರಾತ್ರಿ ಹೊತ್ತು ಗಂಡಸರನ್ನು ಬಿಡುವುದಿಲ್ಲ. ಹಾಗಾಗಿ ಆ ರಾತ್ರಿ ನನ್ನ ಹತ್ತಿರ ಇದ್ದವರು ಅತ್ತೆ ಒಬ್ಬರೇ. ಯಾವ ರಾತ್ರಿ ಅಂತ ಮನೆಯವರಿಗೆ ಗೊತ್ತು. ಜ್ವರ ಇಳಿಯುತ್ತಿರಲಿಲ್ಲ, ವಾಂತಿ ನಿಲ್ಲುತ್ತಿರಲಿಲ್ಲ. ಹಾಸಿಗೆಯಲ್ಲೇ ಎಲ್ಲ ಆಗಿಹೋಯಿತು. ನನ್ನ ಮೈಯ ವಾಸನೆ ನನಗೇ ತಡೆಯಲಾಗುತ್ತಿರಲಿಲ್ಲ. "ಮುಟ್ಟಬೇಡಿ ಅತ್ತೆ, ನನಗೆ ಈ ಮೈಯೇ ಬೇಡ" ಅಂತ ಕಿರುಚಿದೆ. ಪಕ್ಕದ ಬೆಡ್ಡಿನವರು ಎದ್ದು ಕೂತರು.

ಅತ್ತೆ ಫ್ಲಾಸ್ಕಿನ ಬಿಸಿನೀರನ್ನು ಪಾತ್ರೆಗೆ ಬಗ್ಗಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದರು. ಚೀಲದಿಂದ ಬಿಳಿ ಬಟ್ಟೆಯ ತುಂಡುಗಳನ್ನು ತೆಗೆದರು. ಮಾವನ ಪಂಚೆ ಅದು. ಇಷ್ಟು ವರ್ಷ ಟ್ರಂಕಿನಲ್ಲಿ ಎತ್ತಿಟ್ಟಿದ್ದನ್ನು ನನಗೋಸ್ಕರ ಹರಿದು ತಂದಿದ್ದರು. ಬೆರಳ ಸಂದು, ಕಿವಿಯ ಹಿಂದೆ, ಹೊಲಿಗೆಯ ಸುತ್ತ, ಒಂದೊಂದೇ ಕಡೆ ಒರೆಸಿದರು. ಒರೆಸಿದಷ್ಟು ಜಾಗಕ್ಕೆ ಕೂಡಲೇ ಹೊದಿಕೆ ಮುಚ್ಚುತ್ತಾ ಬಂದರು. ಪೂರ್ತಿ ಬರಿಮೈಯಲ್ಲಿ ನನ್ನನ್ನು ಒಂದು ಕ್ಷಣವೂ ಬಿಡಲಿಲ್ಲ. ಆಮೇಲೆ ಹೇಳಿದರು: "ಬೇಡ ಅನ್ನಬೇಡ ಮಗಾ. ಈ ತಲೆ ಮೇಲೆ ನೀರು ಹುಯ್ದು ಜ್ಞಾನಸ್ನಾನ ಕೊಟ್ಟವ್ರೆ. ಈ ನಾಲಿಗೆ ಮೇಲೆ ಸತ್ಪ್ರಸಾದ ಇಟ್ಟವ್ರೆ. ನೆನ್ನೆ ಚರ್ಚಿನ ಸ್ವಾಮಿಗಳು ಬಂದು ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ ಹೋದ್ರು. ಬ್ಯಾಡದ ಮೈಗೆ ಯಾರಾದ್ರೂ ಇಷ್ಟೆಲ್ಲ ಮಾಡ್ತಾರಾ?"

ಪೋಪ್ ಎರಡನೇ ಜಾನ್ ಪಾಲ್ 1979ರಿಂದ 1984ರವರೆಗೆ ಬುಧವಾರದ ಭೇಟಿಗಳಲ್ಲಿ ಮನುಷ್ಯನ ದೇಹದ ಬಗ್ಗೆ ಸರಣಿಯಾಗಿ ಮಾತಾಡಿದ್ದರು. ಮದುವೆ ಸಿದ್ಧತೆಯ ತರಗತಿಯಲ್ಲಿ ಫಾದರ್ ಅದನ್ನು ನಮಗೆ ಹೇಳಿದ್ದರು. ದೇಹ ಅಂದರೆ ಆ ಮನುಷ್ಯನೇ, ಅದನ್ನು ಬಳಸಿ ಬಿಸಾಡುವ ವಸ್ತುವಿನ ಹಾಗೆ ನೋಡಬಾರದು ಅಂತ. ಅತ್ತೆ ಆ ತರಗತಿಗೆ ಬಂದವರಲ್ಲ. ಆದರೆ ಆ ಪಾಠ ಮೈಗೆ ತಾಗಿದ್ದು ಅವರ ಕೈಯಿಂದ.

ನಾಲ್ಕನೇ ಶತಮಾನದಲ್ಲಿ ಮಿಲಾನಿನ ಬಿಷಪ್ ಆಗಿದ್ದ ಸಂತ ಆಂಬ್ರೋಸ್, ಪರಿಶುದ್ಧತೆಗೆ, ಅಂದರೆ ಮೈಯನ್ನೂ ಅದರ ಬಯಕೆಯನ್ನೂ ಗೌರವದಿಂದ ನಡೆಸಿಕೊಳ್ಳುವುದಕ್ಕೆ, ಮೂರು ರೂಪ ಅಂದಿದ್ದರು. ಗಂಡ ಹೆಂಡತಿಯದು ಒಂದು, ವಿಧವೆಯರದು ಒಂದು, ಕನ್ಯೆಯರದು ಒಂದು. 1992ರಲ್ಲಿ ಬಂದ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲೂ ಆ ಮಾತಿದೆ. ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರಿಗೂ ಈ ಕರೆ ಇದೆ ಅಂತ ಅಲ್ಲೇ ಹೇಳಿದೆ. ನಮ್ಮಲ್ಲಿ ಮಾತ್ರ ವಯಸ್ಸಿಗೆ ಬಂದ ಹುಡುಗಿಯರನ್ನು ಕೂರಿಸಿಕೊಂಡು ಹೇಳುವುದೇ ಜಾಸ್ತಿ, ಅಲ್ವಾ? ನನ್ನಂಥ ಮದುವೆಯಾದವರಿಗೆ, ಕಾಯಿಲೆ ಬಿದ್ದವರಿಗೆ ಯಾರೂ ಹೇಳುವುದಿಲ್ಲ. ಹೇಳಬೇಕು. ನನಗೆ ಅದು ಬೇಕಾಗಿತ್ತು.

ಮುಂದಿನದನ್ನು ಎಲ್ಲರೆದುರು ಬರೆಯಲಾ ಅಂತ ಗಂಡನನ್ನು ಕೇಳಿದೆ. "ಬರಿ, ನಮ್ಮ ಥರದವರು ಇನ್ನೂ ಇರ್ತಾರೆ" ಅಂದರು. ಚಿಕಿತ್ಸೆ ಮುಗಿಯುವವರೆಗೆ ಬಸಿರಾಗಬಾರದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಪೋಪ್ ಆರನೇ ಪೌಲ್ 1968ರಲ್ಲಿ ಬರೆದ ಪತ್ರದ ಪ್ರಕಾರ ಕೃತಕ ಗರ್ಭನಿರೋಧ ನಮಗಿಲ್ಲ. ತಕ್ಕ ಕಾರಣವಿದ್ದರೆ ಹೆಣ್ಣು ಬಸಿರಾಗುವ, ಆಗದ ದಿನಗಳನ್ನು ಗಮನಿಸಿ ಮಕ್ಕಳ ನಡುವೆ ಅಂತರ ಇಟ್ಟುಕೊಳ್ಳಬಹುದು. ನಾವು ಹಾಗೇ ನಡೆದುಕೊಂಡು ಬಂದವರು. ಕೀಮೋ ಶುರುವಾದ ಮೇಲೆ ಆ ಲೆಕ್ಕವೂ ಸಿಗದಂತಾಯಿತು. ದೂರ ಇರುವುದೊಂದೇ ದಾರಿ ಉಳಿಯಿತು.

ಸುಲಭ ಇರಲಿಲ್ಲ. ಎಷ್ಟೋ ರಾತ್ರಿ ಅವರು ಎದ್ದು ಬಾಲ್ಕನಿಗೆ ಹೋಗಿ ಜಪಸರ ಹಿಡಿದು ಕೂರುತ್ತಿದ್ದರು. ನಾನು ನಿದ್ದೆ ಬಂದವಳ ಹಾಗೆ ಮಲಗಿರುತ್ತಿದ್ದೆ. ಹೆಂಡತಿಯಾಗಿ ಏನನ್ನೂ ಕೊಡಲಾರೆ ಅನ್ನುವ ನೋವು ಗೆಡ್ಡೆಗಿಂತ ದೊಡ್ಡದಾಗಿತ್ತು. ನಾನು ಅವರಿಗೇನೋ ಬಾಕಿ ಉಳಿಸಿಕೊಂಡಿದ್ದೇನೆ ಅಂತ ಒಂದು ದಿನವೂ ಅವರು ಅನ್ನಿಸಗೊಡಲಿಲ್ಲ. ಮರಗಟ್ಟಿದ ನನ್ನ ಪಾದಗಳನ್ನು ದಿನಾ ಮಲಗುವ ಮುಂಚೆ ತಿಕ್ಕುತ್ತಿದ್ದರು. ಗಾಯದ ಗುರುತನ್ನು ಮೊದಲ ಸಲ ನೋಡಿದಾಗ ಮುಖ ತಿರುಗಿಸಲಿಲ್ಲ. ರೀ, ನಿಮ್ಮ ಆ ನೋಟ ಸಾಯುವವರೆಗೂ ಸಾಕು ನನಗೆ.

ನಮಗೆ ದಿನಗಳನ್ನು ಗಮನಿಸುವ ಆ ಕ್ರಮ ಕಲಿಸಿದ ಸಿಸ್ಟರ್, ಕಾಯಿಲೆಯ ದಿನಗಳಲ್ಲೂ ಬಂದು ಪಕ್ಕದಲ್ಲಿ ಕೂತರು. ಮದುವೆ ಬೇಡವೆಂದು ದೇವರಿಗೆ ಮಾತು ಕೊಟ್ಟವರು, ನನ್ನ ಸಂಸಾರದ ವಿಷಯವನ್ನು ಎಷ್ಟು ಸಲೀಸಾಗಿ, ಎಷ್ಟು ಗೌರವದಿಂದ ಮಾತಾಡಿದರು! ಅವರ ಹತ್ತಿರ ಅಳಬಹುದಿತ್ತು. ಅತ್ತಿದ್ದೇನೆ.

ಭಯ ಪೂರ್ತಿ ಹೋಗಿಲ್ಲ. ಮುಂದಿನ ಸ್ಕ್ಯಾನ್ ನೆನಪಾದರೆ ಹೊಟ್ಟೆ ಹಿಂಡುತ್ತದೆ. ಆದರೆ ಈಗ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತೇನೆ. ಕೂದಲು ಗುಂಗುರಾಗಿ ಬಂದಿದೆ.

ಬರುವ ಭಾನುವಾರ ನಮ್ಮ ಚರ್ಚಿನಲ್ಲಿ ಬೆಳಗಿನ ಕನ್ನಡ ಪೂಜೆಯನ್ನು ಕೃತಜ್ಞತೆಗಾಗಿ ಒಪ್ಪಿಸುತ್ತಿದ್ದೇವೆ. ಪೂಜೆ ಆದ ಮೇಲೆ ಎಲ್ಲರೂ ಮನೆಗೆ ಬನ್ನಿ. ಅಡುಗೆ ಅತ್ತೆಯದು. ಅವರು ಇನ್ನೊಂದು ಮಾತನ್ನೂ ಬರೆಯಲು ಹೇಳಿದ್ದಾರೆ: ನಿಮ್ಮ ಮನೆಯ ಹೆಣ್ಣುಮಕ್ಕಳು ಯಾರಾದರೂ ಆಸ್ಪತ್ರೆಯಲ್ಲಿದ್ದು, ರಾತ್ರಿ ಜೊತೆಗಿರಲು ಹೆಂಗಸರು ಯಾರೂ ಇಲ್ಲದಿದ್ದರೆ ನನಗೆ ಫೋನ್ ಮಾಡಿ. ಅತ್ತೆ ಬರುತ್ತಾರೆ.