ಉಪಪ್ರಶ್ನೆ ಕೇಳಬೇಕಾದವರು ಬಾವಿಗೆ ಇಳಿದರೆ ಮಂತ್ರಿಗೇ ಲಾಭ

ಮಾನ್ಯ ಸಂಪಾದಕರೇ,

ಅಧಿವೇಶನ ಶುರುವಾಯಿತೆಂದರೆ ಪತ್ರಿಕೆಯಲ್ಲಿ ಒಂದು ಫೋಟೊ ಗ್ಯಾರಂಟಿ. ಫಲಕ ಹಿಡಿದು ಸದನದ ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಇಳಿದ ವಿಪಕ್ಷದವರು, ಪೀಠದ ಕಡೆ ಚಾಚಿದ ಕೈಗಳು. ಕೆಳಗೆ ಒಂದು ಸಾಲು: ಗದ್ದಲದಲ್ಲಿ ಕೊಚ್ಚಿಹೋದ ಪ್ರಶ್ನೋತ್ತರ. ಓದಿದವರಿಗೆ ಸರ್ಕಾರಕ್ಕೆ ಚೆನ್ನಾಗಿ ಮುಜುಗರ ಆಯಿತು ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಆ ದಿನ ಉತ್ತರ ಕೊಡಬೇಕಿದ್ದ ಮಂತ್ರಿ ನಿರಾಳವಾಗಿ ಊಟ ಮಾಡಿರುತ್ತಾರೆ. ಅವರ ಇಲಾಖೆಯ ಅಧಿಕಾರಿಗಳಂತೂ ಇನ್ನೂ ನಿರಾಳ.

ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ ಅಧೀಕ್ಷಕಿಯಾಗಿ ನಿವೃತ್ತಳಾದವಳು ನಾನು. ಇಲಾಖೆಯ ಹೆಸರು ಬೇಡ. ಮಂತ್ರಿಗಳು ಸದನದಲ್ಲಿ ಓದುವ ಉತ್ತರ ಹುಟ್ಟುವುದು ನಮ್ಮಂಥವರ ಮೇಜಿನ ಮೇಲೆ. ವಿಧಾನಸಭೆಯಿಂದ ಬರುವ ಪ್ರಶ್ನೆಗೆ ನಮ್ಮ ಕಡೆ 'ಎಲ್‌ಎಕ್ಯೂ' ಅಂತಾರೆ. ವಿಧಾನ ಪರಿಷತ್ತಿನದಾದರೆ 'ಎಲ್‌ಸಿಕ್ಯೂ'. 'ಎಲ್‌ಎಕ್ಯೂ ಬಂದಿದೆ' ಅಂದರೆ ಸಾಕು, ಮನೆಗೆ ಹೊರಟವರು ಬ್ಯಾಗು ಕೆಳಗಿಟ್ಟು ಕೂರಬೇಕು. ತಾಲ್ಲೂಕುವಾರು, ಕಳೆದ 3 ವರ್ಷದ ವಿವರ, ನಿಗದಿತ ನಮೂನೆಯಲ್ಲಿ, ಇಂದೇ, ಮುದ್ದಾಂ ಮೂಲಕ, ಅಂದರೆ ಆಳಿನ ಕೈಯಲ್ಲೇ. ತಾಲ್ಲೂಕಿನವರು ಗ್ರಾಮ ಪಂಚಾಯಿತಿಗೆ ಫೋನ್ ಮಾಡುತ್ತಾರೆ. ಪಂಚಾಯಿತಿಯವರು ಹೋದ ವರ್ಷದ ಅಂಕಿಯನ್ನೇ ಕಳಿಸುತ್ತಾರೆ. ಜಿಲ್ಲೆಯಲ್ಲಿ ಅದನ್ನೆಲ್ಲ ಕ್ರೋಢೀಕರಿಸಿ ಬೆಂಗಳೂರಿಗೆ ಕಳಿಸಿದರೆ, ಅಲ್ಲಿ ಇನ್ನೊಂದು ಸಲ ಇಸ್ತ್ರಿ ಹಾಕುತ್ತಾರೆ.

ಕೊನೆಗೆ ಎರಡು ಅಂಕಣದ ಒಂದು ಹಾಳೆ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. (ಅ) ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು? ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು. (ಇ) ಇಲ್ಲದಿದ್ದಲ್ಲಿ ಕಾರಣವೇನು? ಉದ್ಭವಿಸುವುದಿಲ್ಲ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಓದಿ ಮುಗಿಸಿದವರಿಗೆ ಹೊಸದಾಗಿ ಏನೂ ಗೊತ್ತಾಗಿರುವುದಿಲ್ಲ.

ಇಂಥ ಹಾಳೆಗೆ ಮದ್ದು ಒಂದೇ. ಮಂತ್ರಿಯ ಉತ್ತರ ಕೇಳಿದ ಕೂಡಲೇ ಅದರ ಮೇಲೆ ಎದ್ದು ನಿಂತು ಕೇಳುವ ಉಪಪ್ರಶ್ನೆ.

ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಒಂದು ತಾಲ್ಲೂಕಿನ ಶುದ್ಧ ಕುಡಿಯುವ ನೀರಿನ ಘಟಕಗಳ ಬಗ್ಗೆ ಪ್ರಶ್ನೆ ಬಂದಿತ್ತು. ಎಷ್ಟಿವೆ, ಎಷ್ಟು ಕೆಟ್ಟಿವೆ, ಯಾವಾಗ ರಿಪೇರಿ? ಘಟಕಗಳು ಕಾರ್ಯನಿರ್ವಹಿಸುತ್ತಿವೆ, ಸಣ್ಣಪುಟ್ಟ ದುರಸ್ತಿ ಇರುವಲ್ಲಿ ಕ್ರಮ ವಹಿಸಲಾಗಿದೆ ಅಂತ ಉತ್ತರ ಹೋಯಿತು. ಮಂತ್ರಿಗಳು ಓದಿದರು. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಪ್ರಶ್ನೆ ಕೇಳಿದ ವಿಪಕ್ಷದ ಶಾಸಕರು ಎದ್ದು ಒಂದು ಊರಿನ ಹೆಸರು ಹೇಳಿ, 'ಅಲ್ಲಿ 5 ರೂಪಾಯಿ ನಾಣ್ಯ ಹಾಕುವ ಕಿಂಡಿಗೆ ಟೇಪು ಅಂಟಿಸಿ ಎಷ್ಟು ತಿಂಗಳಾಯಿತು, ಹೇಳಿ ಸ್ವಾಮಿ' ಅಂದರಂತೆ. ಮಂತ್ರಿಗಳು ಅಧಿಕಾರಿಗಳ ಗ್ಯಾಲರಿ ಕಡೆ ತಿರುಗಿದರು. ಅಲ್ಲಿಂದ ಒಂದು ಚೀಟಿ ಹೋಯಿತು. ಚೀಟಿಯಲ್ಲಿ ಬರೆಯಲು ಯಾರ ಹತ್ತಿರವೂ ಏನೂ ಇರಲಿಲ್ಲ, ಅದು ಬೇರೆ ಮಾತು. ನಮ್ಮ ಸಾಹೇಬರು ಅಲ್ಲೇ ಕೂತಿದ್ದರು, ವಾಪಸ್ ಬಂದು ಹೇಳಿದ್ದು. ಆ ರಾತ್ರಿಯೇ ಫೋನುಗಳು ಶುರುವಾದವು. ಆ ತಿಂಗಳು ಮುಗಿಯುವುದರೊಳಗೆ ಟೇಪು ಕಿತ್ತು, ಫಿಲ್ಟರ್ ಬದಲಾಯಿಸಿ, ನೀರು ಬಿಟ್ಟರು. ಅದೇ ಊರಿನ ಬಗ್ಗೆ ಎಷ್ಟೋ ಅರ್ಜಿ ನಮ್ಮ ಟಪಾಲಿನಲ್ಲಿ ಬಂದು ಕಡತ ಸೇರಿದ್ದವು.

ದೆಹಲಿಯಲ್ಲೂ ವ್ಯವಸ್ಥೆ ಇದೇ, ಗಾತ್ರ ಮಾತ್ರ ದೊಡ್ಡದು. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದವು. ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರಿಸಬೇಕು, ಉಪಪ್ರಶ್ನೆ ಎದುರಿಸಬೇಕು. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ, ಅಷ್ಟೇ. ಸಮಯ ಸಾಲದೆ ಉಳಿದ ಚುಕ್ಕೆ ಪ್ರಶ್ನೆಗಳಿಗೂ ಲಿಖಿತ ಉತ್ತರವೇ ಗತಿ. 20ರಲ್ಲಿ ಎಷ್ಟಕ್ಕೆ ಬಾಯಲ್ಲಿ ಉತ್ತರ ಸಿಗುತ್ತದೆ ಅಂತೀರಿ? 2019ರ ನವೆಂಬರ್ 27ರಂದು ಅಷ್ಟೂ ಪ್ರಶ್ನೆ ಮುಗಿದಿದ್ದಕ್ಕೆ ಅದೇ ದೊಡ್ಡ ಸುದ್ದಿಯಾಯಿತು. 1972ರ ನಂತರ ಅದೇ ಮೊದಲು ಅಂತ ಹೇಳಿದರು.

ಗದ್ದಲವಾದ ದಿನ ಆ 20ರ ಚುಕ್ಕೆಗೂ ಬೆಲೆ ಇರುವುದಿಲ್ಲ. ಮಂತ್ರಿ ಏಳಬೇಕಾಗಿಲ್ಲ, ಗ್ಯಾಲರಿಯಿಂದ ಚೀಟಿ ಬರಬೇಕಾಗಿಲ್ಲ. ಇಸ್ತ್ರಿ ಹಾಕಿದ ಹಾಳೆ ಹಾಗೇ ಹೋಗಿ ಕಡತದಲ್ಲಿ ಕೂರುತ್ತದೆ.

ಉಪಪ್ರಶ್ನೆಯೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಕೊರೊನಾ ಕಾಲದಲ್ಲಿ ನೋಡಿದೆವು. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು, ಲಿಖಿತ ಉತ್ತರ ಮಾತ್ರ. ಲಾಕ್‌ಡೌನ್‌ನಲ್ಲಿ ಊರಿಗೆ ನಡೆದು ಹೋಗುವಾಗ ಸತ್ತ ವಲಸೆ ಕಾರ್ಮಿಕರೆಷ್ಟು ಅಂತ ಕೇಳಿದರೆ, ಅಂಥ ಅಂಕಿಅಂಶ ಇಟ್ಟಿಲ್ಲ ಅಂತ ಕಾರ್ಮಿಕ ಸಚಿವಾಲಯ ಬರೆದುಕೊಟ್ಟಿತು. ಮರುವರ್ಷ ಜುಲೈ 20ರಂದು ರಾಜ್ಯಸಭೆಗೆ ಆರೋಗ್ಯ ಖಾತೆ ರಾಜ್ಯ ಸಚಿವರ ಲಿಖಿತ ಉತ್ತರ ಬಂತು. ಆಕ್ಸಿಜನ್ ಕೊರತೆಯಿಂದಲೇ ಸಾವು ಸಂಭವಿಸಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಅಂತ. ಅದಕ್ಕೆ ಮೂರು ತಿಂಗಳೂ ಆಗಿರಲಿಲ್ಲ, ನಮ್ಮ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ರೋಗಿಗಳು ಸತ್ತಿದ್ದರು. ಟಿವಿಯಲ್ಲಿ ಇಡೀ ರಾಜ್ಯ ನೋಡಿತ್ತು.

ಆ ಉತ್ತರ ಓದಿದಾಗ ಎಲ್ಲರೂ ಮಂತ್ರಿಯ ಮೇಲೆ ಸಿಟ್ಟಾದರು. ನನಗೆ ಮಾತ್ರ ಕೆಳಗಿನ ಹತ್ತಾರು ಮೇಜುಗಳು ಕಂಡವು. ಆಸ್ಪತ್ರೆ ಏನು ಬರೆಯಿತು, ಜಿಲ್ಲೆ ಏನು ಕಳಿಸಿತು, ರಾಜ್ಯ ಯಾವ ನಮೂನೆಯಲ್ಲಿ ತುಂಬಿತು? ಆ ನಮೂನೆಯಲ್ಲಿ ಆಕ್ಸಿಜನ್ ಅನ್ನುವ ಅಂಕಣವಾದರೂ ಇತ್ತಾ? ಇದನ್ನು ಯಾರಾದರೂ ಎದ್ದು ಮುಖಕ್ಕೆ ಮುಖ ಕೊಟ್ಟು ಕೇಳಬೇಕಿತ್ತು. ಲಿಖಿತ ಉತ್ತರಕ್ಕೆ ಹಾಗೆ ಕೇಳಲು ಬರುವುದಿಲ್ಲ.

ಬ್ರಿಟಿಷರಿಗೂ ಈ ವ್ಯತ್ಯಾಸ ಗೊತ್ತಿತ್ತು ಅಂತ ಕಾಣುತ್ತದೆ. ಶಾಸನಸಭೆಯಲ್ಲಿ ಪ್ರಶ್ನೆ ಕೇಳಲು 1892ರ ಕಾಯ್ದೆಯಲ್ಲೇ ಅವಕಾಶ ಕೊಟ್ಟರು. ಉಪಪ್ರಶ್ನೆ ಕೇಳುವುದಕ್ಕೆ ಮಾತ್ರ 1909ರವರೆಗೆ ಕಾಯಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಒಬ್ಬ ಹಣಕಾಸು ಮಂತ್ರಿ ಮನೆಗೆ ಹೋದದ್ದೂ ಹೀಗೆ ಬಿಡದೆ ಕೇಳಿದ್ದರಿಂದಲೇ. ಜೀವ ವಿಮೆ ವ್ಯವಹಾರ ಸರ್ಕಾರದ್ದಾಗಿ ಎಲ್‌ಐಸಿ ಆಗಷ್ಟೇ ಹುಟ್ಟಿತ್ತು. ಜನರ ವಿಮೆ ಹಣದಲ್ಲಿ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿಗೆ ಹೋಗಿತ್ತು. 1957ರಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂದಾಗ ಮೊದಮೊದಲು ಸಿಕ್ಕಿದ್ದು ಜಾರಿಕೊಳ್ಳುವ ಉತ್ತರ. ಕೇಳುವವರು ಬಿಡಲಿಲ್ಲ. ಡಿಸೆಂಬರ್ 16ರಂದು ಫಿರೋಜ್ ಗಾಂಧಿ ಎದ್ದು ದಾಖಲೆ ಸಮೇತ ಬಿಚ್ಚಿಟ್ಟರು. ನ್ಯಾಯಮೂರ್ತಿ ಛಾಗ್ಲಾ ಆಯೋಗದ ವಿಚಾರಣೆಯಾಯಿತು, ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ 1958ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟರು. ಫಿರೋಜ್ ಆಡಳಿತ ಪಕ್ಷದವರು, ಸಾಲದ್ದಕ್ಕೆ ಪ್ರಧಾನಿ ನೆಹರೂ ಅವರ ಅಳಿಯ! ಈಗಿನ ಆಡಳಿತ ಪಕ್ಷದವರು ಎದ್ದರೆ ಮಂತ್ರಿಗಳಿಗೆ ಅಭಿನಂದನೆ ಹೇಳುವುದರಲ್ಲೇ ಅರ್ಧ ನಿಮಿಷ ಹೋಗುತ್ತದೆ.

ನಾನು ಯಾವ ಪಕ್ಷದ ಪರವೂ ಅಲ್ಲ. ಸಂಸತ್ತಿನ 2010ರ ಚಳಿಗಾಲದ ಅಧಿವೇಶನ 2ಜಿ ತರಂಗಾಂತರ ಹಗರಣದ ಗಲಾಟೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ಮುಳುಗಿತು. ಆಗ ವಿಪಕ್ಷದಲ್ಲಿ ಬಿಜೆಪಿ. ನಮ್ಮ ವಿಧಾನಸೌಧದಲ್ಲಿ 2022ರ ಫೆಬ್ರುವರಿಯಲ್ಲಿ ಕಾಂಗ್ರೆಸ್ಸಿನವರು ಹಾಸಿಗೆ ಹಾಸಿ ಅಹೋರಾತ್ರಿ ಧರಣಿ ಮಾಡಿದರು. 2024ರ ಜುಲೈನಲ್ಲಿ ಬಿಜೆಪಿ, ಜೆಡಿಎಸ್‌ನವರ ಸರದಿ. ಕುರ್ಚಿ ಅದಲುಬದಲಾದರೂ ಹಾಸಿಗೆ ದಿಂಬು ಮಾತ್ರ ಅಲ್ಲೇ ಇರುತ್ತದೆ.

ಚರ್ಚೆಗೆ ಅವಕಾಶವನ್ನೇ ಕೊಡದಿದ್ದರೆ ಇನ್ನೇನು ಮಾಡೋಣ ಅಂತ ವಿಪಕ್ಷದವರು ಕೇಳುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಬೇರೆ ಕಲಾಪ ನಿಲ್ಲಿಸಿ ತುರ್ತು ವಿಷಯ ಚರ್ಚಿಸಿ ಅಂತ ಕೊಡುವ ನಿಲುವಳಿ ಸೂಚನೆಗಳಿಗೆ ಏನು ಗತಿಯಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಗಂತ ಮಂತ್ರಿಯನ್ನು ಎದುರಿಗೇ ನಿಲ್ಲಿಸಿ ಕೇಳಬಹುದಾದ ಒಂದೇ ಒಂದು ಗಂಟೆಯನ್ನು ಯಾಕೆ ಕೈಯಾರೆ ಕೊಡಬೇಕು? 12 ಗಂಟೆಯ ನಂತರ ಬಾವಿಗೆ ಇಳಿಯಲಿ, ಯಾರು ಬೇಡ ಅಂದರು? ಲೋಕಸಭೆಯ ಪ್ರಶ್ನೆಗೆ ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಟ್ಟಿರಬೇಕು. ಲಾಟರಿಯಲ್ಲಿ ಹೆಸರು ಬಂದರೆ ಮಾತ್ರ ಚುಕ್ಕೆ ಪ್ರಶ್ನೆ ಸಿಗುತ್ತದೆ. ಇಷ್ಟೆಲ್ಲ ಆಗಿ ಕೈಗೆ ಬಂದ ಪ್ರಶ್ನೆಯನ್ನು ಅದೇ ಸದಸ್ಯರು ಫಲಕ ಹಿಡಿದು ತಾವೇ ಮುಳುಗಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮಲ್ಲಿ ಒಂದು ಕೋರಿಕೆ. ಧರಣಿಯ ಫೋಟೊ ಹಾಕಿ, ಬೇಡ ಅನ್ನುವುದಿಲ್ಲ. ಪಕ್ಕದಲ್ಲೇ ಚಿಕ್ಕದಾಗಿ ಒಂದು ಪಟ್ಟಿಯನ್ನೂ ಹಾಕಿ. ಆ ದಿನ ಕೊಚ್ಚಿಹೋದ ಚುಕ್ಕೆ ಪ್ರಶ್ನೆಗಳು ಯಾವುವು, ಕೇಳಿದ್ದವರು ಯಾರು, ಉತ್ತರಿಸುವುದರಿಂದ ತಪ್ಪಿಸಿಕೊಂಡ ಮಂತ್ರಿ ಯಾರು ಅಂತ. ಲೋಕಸಭೆಯ ಪ್ರಶ್ನೆಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ, ವರದಿಗಾರರಿಗೆ ಜಾಸ್ತಿ ಕೆಲಸವೇನೂ ಆಗದು. ಕರ್ನಾಟಕದ ಸಂಸದರ ಪ್ರಶ್ನೆ ಅದರಲ್ಲಿ ಇದ್ದರೆ ಕ್ಷೇತ್ರದ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ.

ಇಂತಿ,
ಒಬ್ಬ ನಿವೃತ್ತ ಅಧೀಕ್ಷಕಿ
ಹಾಸನ