ಶಾಲೆಯ ನಲ್ಲಿ ಕದ್ದರೆ ಶೌಚಾಲಯಕ್ಕೆ ಬೀಗವೇ?

ಮಾನ್ಯರೇ,

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ, ಹೊಸನಗರ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳ ಶೌಚಾಲಯದಲ್ಲಿ ಎರಡು ಹಿತ್ತಾಳೆ ನಲ್ಲಿಗಳೂ ಬಾಗಿಲಿನ ಚಿಲಕವೂ ಕಾಣೆಯಾಗಿದ್ದವು. ನಲ್ಲಿ ಕಿತ್ತ ರಭಸಕ್ಕೆ ಪೈಪು ಸೀಳಿ, ಮೇಲಿನ ಟ್ಯಾಂಕಿನ ನೀರೆಲ್ಲ ಹರಿದುಹೋಗಿತ್ತು. ಹೊಸದಾಗಿ ಹಾಕಿಸಿದ ನಲ್ಲಿಗಳೂ ತಿಂಗಳೊಳಗೆ ಮಾಯವಾದ ಮೇಲೆ ಶಾಲೆಯವರು ಕಂಡುಕೊಂಡ ಉಪಾಯವೆಂದರೆ, ಶೌಚಾಲಯಕ್ಕೆ ಬೀಗ ಜಡಿದು ಕೀಲಿಯನ್ನು ಮುಖ್ಯಶಿಕ್ಷಕರ ಮೇಜಿನಲ್ಲಿಡುವುದು. ಬೆಳಿಗ್ಗೆ ತುಂಬಿಸಿಕೊಟ್ಟ ನೀರಿನ ಬಾಟಲಿಯನ್ನು ಮಗಳು ಸಂಜೆ ಹಾಗೆಯೇ ಮರಳಿ ತರುತ್ತಿದ್ದುದನ್ನು ಕಂಡು ವಿಚಾರಿಸಿದಾಗಲೇ ನನಗೆ ಇದು ತಿಳಿದದ್ದು. ಎಲ್ಲರೆದುರು ಎದ್ದುಹೋಗಿ ಕೀಲಿ ಕೇಳಲು ನಾಚಿ, ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. ಬೀಗ ಬಿದ್ದ ಶೌಚಾಲಯ ಕಡತದಲ್ಲಿ ಇದ್ದಂತೆಯೇ ಲೆಕ್ಕ, ಮಕ್ಕಳ ಪಾಲಿಗೆ ಮಾತ್ರ ಇಲ್ಲ.

ಶಿಕ್ಷಕರನ್ನು ದೂರುವುದು ನನ್ನ ಉದ್ದೇಶವಲ್ಲ. ಮೂವತ್ತು ಮತ್ತು ಅದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಾ ಯೋಜನೆಯ ವಾರ್ಷಿಕ ಅನುದಾನವೆಂದು ನಿಗದಿಯಾದದ್ದು 10,000 ರೂಪಾಯಿ. ಅದರಲ್ಲಿ ಸ್ವಚ್ಛತೆಗೆ ಕಡ್ಡಾಯವಾಗಿ ಮೀಸಲಿಡಬೇಕಾದದ್ದು ಶೇ 10, ಅಂದರೆ ಒಂದು ಸಾವಿರ. ಮಲೆನಾಡಿನಲ್ಲಿ ಇಂಥ ಪುಟ್ಟ ಶಾಲೆಗಳೇ ಹೆಚ್ಚು. ಎರಡು ನಲ್ಲಿ ಕೊಂಡು ಪ್ಲಂಬರನ್ನು ಪೇಟೆಯಿಂದ ಕರೆಸಿದರೆ ಆ ಸಾವಿರ ಮುಗಿಯಿತು.

ಕಳ್ಳನಿಗೆ ಬೇಕಿರುವುದು ನಲ್ಲಿಯಲ್ಲ, ಗುಜರಿಯಲ್ಲಿ ತೂಕಕ್ಕೆ ಹೋಗುವ ಹಿತ್ತಾಳೆ ಮತ್ತು ಪಂಪಿನ ತಾಮ್ರದ ತಂತಿ. ಆದ್ದರಿಂದ ಹಿತ್ತಾಳೆಯ ಬದಲು ಗಟ್ಟಿ ಪ್ಲಾಸ್ಟಿಕ್ ನಲ್ಲಿಗಳನ್ನು ಹಾಕಿಸಿ, ಪೈಪುಗಳನ್ನು ಗೋಡೆಯೊಳಗೆ ಹುದುಗಿಸಿ, ಚಿಲಕವನ್ನು ತಿರುಪಿನ ಬದಲು ಬಾಗಿಲಿನ ಆಚೆ ಬದಿಗೂ ಹಾಯುವ ಬೋಲ್ಟಿನಿಂದ ಬಿಗಿದು ನಟ್ಟನ್ನು ಬೆಸುಗೆ ಹಾಕಿಸಿದರೆ, ಕೀಳುವ ಶ್ರಮಕ್ಕೆ ತಕ್ಕ ಕಾಸು ಹುಟ್ಟುವುದಿಲ್ಲ. ಗುಜರಿ ಅಂಗಡಿಯವರು ಹಿತ್ತಾಳೆ, ತಾಮ್ರ ತಂದವರ ಹೆಸರನ್ನು ಪುಸ್ತಕದಲ್ಲಿ ಬರೆದಿಡುವಂತೆ ಪೊಲೀಸರು ನೋಡಿಕೊಳ್ಳಬೇಕು. ಸಾರ್ವಜನಿಕ ಆಸ್ತಿ ಹಾನಿ ತಡೆಗೆ 1984ರಲ್ಲೇ ಕಾಯ್ದೆ ಬಂದಿದೆಯಾದರೂ, ದೂರು ಕೊಟ್ಟರೆ ನಷ್ಟ ತಮ್ಮ ತಲೆಗೇ ಬಂದೀತೆಂಬ ಅಳುಕಿನಿಂದ ಶಾಲೆಯವರು ಠಾಣೆಗೆ ಹೋಗುವುದೇ ಅಪರೂಪ. ಈ ಅಳುಕನ್ನು ಇಲಾಖೆಯೇ ಹೋಗಲಾಡಿಸಬೇಕು.

ಮಕ್ಕಳೇ ಹಾಳುಗೆಡವುತ್ತಾರೆಂಬ ಮಾತೂ ಇದೆ. ಗೋಡೆಯ ಮೇಲೆ ಗೀಚುವವರು, ನಲ್ಲಿಯ ತಲೆ ತಿರುಚುವವರು ಇಲ್ಲವೆಂದಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಾಗ ಒಳಗಿರುವ ಮಗು ಒದೆಯದೆ ಇನ್ನೇನು ಮಾಡೀತು? ಒದ್ದು ಮುರಿದ ಬಾಗಿಲು ಕಿಡಿಗೇಡಿತನದ ಲೆಕ್ಕಕ್ಕೆ ಸೇರುತ್ತದೆ. ಒಂದು ಬಾಗಿಲು ವಾರಗಟ್ಟಲೆ ಮುರಿದೇ ಇದ್ದರೆ ಮುಂದಿನದನ್ನು ಮುರಿಯಲು ಯಾರಿಗೂ ಹಿಂಜರಿಕೆ ಇರದು. ಹಾಗಾಗಿ ದುರಸ್ತಿ ತಡವಾಗದಂತೆ ಗ್ರಾಮ ಪಂಚಾಯಿತಿ ಕೈಜೋಡಿಸಬೇಕು. ಮಕ್ಕಳ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಮಕ್ಕಳ ಬಾಯಿಂದಲೇ ಕೇಳುವುದು ಒಳ್ಳೆಯದು. ಶೌಚಾಲಯದ ಬಳಿ ಸಿಸಿಟಿವಿ ಇಡುವ ಸಲಹೆ ಮಾತ್ರ ಬೇಡ. ಕ್ಯಾಮೆರಾ ಇಡಲೇಬೇಕೆಂದರೆ ಶಾಲೆಯ ಗೇಟಿಗಿಡಲಿ.

ಕಳವು ಆಗುವುದು ಹೆಚ್ಚಾಗಿ ದಸರಾ ಮತ್ತು ಬೇಸಿಗೆ ರಜೆಗಳಲ್ಲಿ. ಅಡಿಕೆ ಸುಗ್ಗಿಯಲ್ಲಿ ಅಂಗಳದಲ್ಲೇ ಹಾಸಿಗೆ ಹಾಕಿ ಕಾವಲು ಮಲಗುವ ನಾವು, ನಾನೂ ಸೇರಿ, ಎರಡು ತಿಂಗಳು ಶಾಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ರಜೆಯ ಮುನ್ನಾದಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ನಲ್ಲಿ, ಚಿಲಕ, ಬಕೆಟ್ಟು, ಪಂಪುಗಳ ಪಟ್ಟಿ ಮಾಡಿ ಸಹಿ ಹಾಕಲಿ. ದಿನವೂ ನೀರು ಬಿಡಲು ಊರು ಸುತ್ತುವ ನೀರುಗಂಟಿ ಶಾಲೆಯತ್ತಲೂ ಒಮ್ಮೆ ಕಣ್ಣು ಹಾಯಿಸುವಂತೆ ಪಂಚಾಯಿತಿ ಸೂಚಿಸಲಿ, ಅದಕ್ಕಾಗಿ ಅವರಿಗೆ ಒಂದಿಷ್ಟು ಗೌರವಧನವನ್ನೂ ಕೊಡಲಿ.

ಕ್ಷೇತ್ರ ಶಿಕ್ಷಣಾಧಿಕಾರಿಗಳು ಈ ಬಗ್ಗೆ ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಲಿಖಿತ ಸೂಚನೆ ಕಳುಹಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಬೀಗವನ್ನು ಸಂಜೆ ಮಕ್ಕಳು ಮನೆಗೆ ಹೊರಟ ಮೇಲೆ ಹಾಕಿ, ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ತೆಗೆಯಲಿ.

– ಒಬ್ಬ ಪೋಷಕ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ